ಕಲಕದೆ ತೆಗೆದ ಅಳತೆ

ಮೊಸರಿನ ಗಡಿಗೆಯಿಂದ ಹೆಪ್ಪು ತೆಗೆಯುವಾಗ ಕಲಕಬಾರದು. ಸೌಟನ್ನು ಕೆನೆಯ ಮೇಲೆ ಓರೆಯಾಗಿ ಇಳಿಸಿ, ಪುಸ್ತಕದ ಹಾಳೆ ಎತ್ತಿದ ಹಾಗೆ ಮೇಲಿನದನ್ನಷ್ಟೇ ಎತ್ತಬೇಕು. ಅಡಿಯ ಮೊಸರಿಗೆ ಸೌಟು ಬಂದುಹೋದದ್ದೇ ತಿಳಿಯಬಾರದು. ಕುಕ್ಕುವಾಡದಿಂದ ಮದುವೆಯಾಗಿ ವಿನೋಬನಗರದ ಈ ಮನೆಗೆ ಬಂದ ಎರಡನೆಯ ವಾರ ನಾನು ಇದನ್ನು ಕಲಿತೆ. ಕಲಿಸಿದವರು ನಮ್ಮ ಅತ್ತೆ. ಒಲೆಯ ಮೇಲೆ ಕಾದಿದ್ದ ಸೌಟನ್ನು ನನ್ನ ಬಲಗೈಯ ಹಿಂಬದಿಗೆ ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ಹಿಡಿದು, "ಇನ್ನ ಮರೆಯಂಗಿಲ್ಲ ಬಿಡು" ಅಂದರು. ಮರೆತಿಲ್ಲ.

ಮರುದಿನ ಬೆಳಗ್ಗೆ ಪೂಜೆಗೆ ಕೂತಾಗ ಒಂದು ಸಂಗತಿ ಹೊಳೆಯಿತು. ಇಷ್ಟಲಿಂಗ ಕೂರುವುದು ಎಡ ಅಂಗೈಯಲ್ಲಿ. ಸುಟ್ಟದ್ದು ಬಲಗೈ, ಅದೂ ಹಿಂಬದಿ. ಪೂಜೆಗೆ ಅಡ್ಡಿಯಾಗಲಿಲ್ಲ. ಶಿವ ಇಷ್ಟನ್ನಾದರೂ ನೋಡಿಕೊಂಡನಲ್ಲ ಎಂದು ಕಣ್ಣು ತುಂಬಿತು. ಅವತ್ತಿನಿಂದ ನನಗೊಂದು ರೂಢಿ. ಪೂಜೆ ಮುಗಿದ ಮೇಲೆ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತಾ ಹಿಂದಿನ ದಿನ ಅವನು ನನ್ನ ಮೇಲೆ ತೋರಿದ ದಯೆಗಳನ್ನು ಎಣಿಸುವುದು. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ಹನ್ನೆರಡೂ ತುಂಬಿದ ದಿನ ಕಡಿಮೆ. ಆದರೆ ಒಂದೂ ಸಿಗದ ದಿನ ಇಲ್ಲ. ಊಟಕ್ಕೆ ಉಪ್ಪು ಸರಿಯಾಗಿದ್ದರೆ ಒಂದು. ಅತ್ತೆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಹೋದರೆ ಎರಡು.

ಮೂರು ವರ್ಷದ ಮೇಲೆ ಮೈದುನನ ಮದುವೆಯಾಯಿತು. ವಾರಗಿತ್ತಿ ಹರಿಹರದವಳು, ಹೊಳೆಯ ಹತ್ತಿರದ ಓಣಿಯವಳು. ಕೈ ಬಹಳ ಚುರುಕು. ನಾನು ಒಂದು ರೊಟ್ಟಿ ಬಡಿಯುವುದರಲ್ಲಿ ಅವಳದು ಮೂರು ಬೆಂದು ಬುಟ್ಟಿಗೆ ಬೀಳುತ್ತಿದ್ದವು. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು, ಒಂದು ದಿನವೂ ಎದುರಾಡಲಿಲ್ಲ. ಆದರೂ ಅವಳು ಬಂದ ಮೇಲೆ ನಾನು ಕರಗತೊಡಗಿದೆ. ಮಾಡುವ ಕೆಲಸವನ್ನೆಲ್ಲ ಅವಳೇ ಮಾಡಿ ಮುಗಿಸಿರುತ್ತಿದ್ದಳು, ನನಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಕೆಲಸವಿಲ್ಲದವಳಿಗೆ ಎರಡು ರೊಟ್ಟಿ ಯಾಕೆ ಎಂದು ಅತ್ತೆ ಒಂದಕ್ಕಿಳಿಸಿದರು. ಅವಳಿಗೆ ಹೆಣ್ಣು ಕೂಸು ಹುಟ್ಟಿತು, ನನಗೆ ಯಾವುದೂ ಆಗಲಿಲ್ಲ. ಆ ಕೂಸಿಗೆ ಐದು ತುಂಬುವ ಹೊತ್ತಿಗೆ ನನ್ನ ಸೀರೆಗಳನ್ನು ಒಂದು ಚೀಲಕ್ಕೆ ತುಂಬಿ ತಲಬಾಗಿಲ ಹತ್ತಿರ ಇಟ್ಟಿದ್ದರು. ಸ್ವಲ್ಪ ದಿನ ಕುಕ್ಕುವಾಡದಲ್ಲಿ ಇದ್ದು ಬರಲಿ ಎಂದರು. ಬರಲಿ ಎನ್ನುವುದು ಬಾಯಿಮಾತು ಎಂದು ನನಗೂ ಗೊತ್ತಿತ್ತು, ಮಂಡಿಪೇಟೆಯ ಅಂಗಡಿಯಿಂದ ಊಟಕ್ಕೆ ಬಂದು ಚೀಲವನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದ ನನ್ನ ಗಂಡನಿಗೂ ಗೊತ್ತಿತ್ತು.

ಚೀಲ ಅಲ್ಲಿದ್ದ ಎಂಟನೆಯ ದಿನ ನಾನು ಮೊಸರು ಕಲಕಿದೆ. ಬೇಕೆಂದು ಅಲ್ಲ. ಕಣ್ಣು ಚೀಲದ ಕಡೆಗಿತ್ತು, ಸೌಟು ಜಾರಿ ಗಡಿಗೆಯ ಅಡಿ ಮುಟ್ಟಿತು. ಸಂಜೆಗೆ ಮೊಸರು ನೀರೊಡೆದಿತ್ತು. ಯಾರು ಕಲಕಿದ್ದು ಎಂದು ಅತ್ತೆ ಕೇಳಿದರು. ವಾರಗಿತ್ತಿ ಆಗ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಹಿತ್ತಿಲ ಕಡೆ ನೋಡಿದೆ. ಅಷ್ಟೇ ಮಾಡಿದ್ದರೆ ಇವತ್ತು ಏನಾದರೂ ಸಮಾಧಾನ ಹೇಳಿಕೊಳ್ಳಬಹುದಿತ್ತು. ಬಾಯಿಬಿಟ್ಟೂ ಹೇಳಿದೆ, ಆಕೆಯೇ ಎಂದು.

ಸೌಟು ಕಾಯಿಸಿದರು. ಅವಳು ಬೇಡ ಎಂದು ಎಡಗೈ ಅಡ್ಡ ಹಿಡಿದಳು, ಆ ಅಂಗೈಯನ್ನೇ ಬಿಡಿಸಿ ಇಟ್ಟರು. ಒಂದೂವರೆ ತಿಂಗಳು ಅವಳಿಗೆ ಲಿಂಗ ಹಿಡಿಯಲಾಗಲಿಲ್ಲ. ಬಟ್ಟೆಯ ಮೇಲಿಟ್ಟು ಪೂಜೆ ಮಾಡುತ್ತಿದ್ದಳು. ಅಲ್ಲಿಂದ ಮುಂದೆ ಅತ್ತೆ ಹಲ್ಲು ಮಸೆದದ್ದೆಲ್ಲ ಅವಳ ಮೇಲೆ. ನನ್ನ ಚೀಲ ಒಳಗೆ ಬಂತು. ತಟ್ಟೆಗೆ ಎರಡನೆಯ ರೊಟ್ಟಿ ಬಂತು. ದಿನಾ ಬೆಳಗ್ಗೆ ಅವನ್ನು ಗೆಣ್ಣಿನ ಮೇಲೆ ಎಣಿಸಿದೆ. ಸುಳ್ಳು ಹೇಳಬಾರದು, ಸಂತೋಷದಿಂದಲೇ ಎಣಿಸಿದೆ. ಎರಡು ತಿಂಗಳು ತಡೆದು ಅವಳು ಕೂಸನ್ನು ಕರೆದುಕೊಂಡು ಹರಿಹರಕ್ಕೆ ಹೋದಳು. ಮತ್ತೆ ಬರಲಿಲ್ಲ. ಮೈದುನ ತಾಯಿಯ ಮಾತು ದಾಟುವವನಲ್ಲ, ಇಲ್ಲೇ ಉಳಿದ, ಇಲ್ಲೇ ತೀರಿಕೊಂಡ. ಅವಳು ಹೋದ ಮೇಲೆ ಹಲ್ಲು ಮತ್ತೆ ನನ್ನ ಕಡೆ ತಿರುಗಿದ್ದು ನಿಜ. ಆದರೆ ಮನೆಯಲ್ಲಿ ದುಡಿಯಲು ನಾನೊಬ್ಬಳೇ ಉಳಿದಿದ್ದೆ. ನನ್ನನ್ನು ಪೂರ್ತಿ ತಿಂದುಬಿಟ್ಟರೆ ರೊಟ್ಟಿ ಬಡಿಯುವವರು ಯಾರೂ ಇರುತ್ತಿರಲಿಲ್ಲ.

ಆ ಕೂಸು ದೊಡ್ಡವಳಾಗಿ, ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದಳು. ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಒಂದು ಬೆಳಗ್ಗೆ ಬ್ಯಾಗು ಹಿಡಿದು ಬಂದು, ಇದು ನಮ್ಮಪ್ಪನ ಮನೆಯೂ ಹೌದಲ್ಲ ದೊಡ್ಡವ್ವ ಎಂದಳು. ಅವ್ವ ಬ್ಯಾಡ ಅಂದಳಂತೆ, ಇವಳೇ ಕೇಳಲಿಲ್ಲವಂತೆ. ನಾನು ಒಳಗಿನ ಕೋಣೆ ಗುಡಿಸಿಕೊಟ್ಟೆ. ಅತ್ತೆಗೆ ಆಗಲೇ ಎಂಬತ್ತು ದಾಟಿತ್ತು. ಸೊಂಟ ಬಿದ್ದು ಅಡುಗೆಮನೆಯ ಬಾಗಿಲಿಗೆದುರಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ. ಕಿವಿ ಮಾತ್ರ ಇನ್ನೂ ಚುರುಕು, ನಾಲಿಗೆಯೂ.

ಹುಡುಗಿ ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು, ಮಂಡಕ್ಕಿ ಬಾಯಿಗೆ ಎಸೆದುಕೊಳ್ಳುತ್ತಾ ಲೆಕ್ಕ ಬರೆಯುತ್ತಿದ್ದಳು. ಏನು ಲೆಕ್ಕ ಎಂದು ಕೇಳಿದೆ. ಕಣ್ಣಿಗೆ ಕಾಣದ ಜೀವಗಳದ್ದು ಎಂದಳು. ಒಂದೇ ನೀರಿನಲ್ಲಿ ಇಷ್ಟೊಂದು ಜಾತಿ ಹೇಗೆ ಕೂಡಿ ಬಾಳುತ್ತವೆ, ಯಾವುದು ಯಾವಾಗ ಇಲ್ಲವಾಗುತ್ತದೆ, ಅದನ್ನು ಲೆಕ್ಕದಿಂದ ಮೊದಲೇ ಹೇಳಬಹುದೇ ಎನ್ನುವುದು ಅವಳ ಕೆಲಸ. ಪ್ರತಿ ಜೀವಕ್ಕೂ ಒಂದೊಂದು ಸಾಲು. ಆ ಸಾಲಿನಲ್ಲಿ ಎಷ್ಟು ತಿಂದಿತು, ಎಷ್ಟು ಹುಟ್ಟಿತು, ಎಷ್ಟು ನೀರಿನ ಜೊತೆ ಹೊರಗೆ ಹೋಯಿತು, ಎಷ್ಟನ್ನು ಇನ್ನೊಂದು ತಿಂದಿತು, ಇಷ್ಟೂ ಇರುತ್ತದೆ. ಕೂಡುವುದು, ಕಳೆಯುವುದು. ನನಗೆ ಗುರುತುಗಳು ತಿಳಿಯಲಿಲ್ಲ, ಸಾಲಿನ ಅರ್ಥ ತಿಳಿಯಿತು.

"ಒಂದೇ ಊಟಕ್ಕೆ ಎರಡು ಜಾತಿ ಬಿದ್ರೆ ಕಡೀಗೆ ಒಂದೇ ಉಳಿಯೋದು ದೊಡ್ಡವ್ವ" ಎಂದಳು.

"ಇನ್ನೊಂದನ್ನ ಕೊಲ್ತೈತೇನು?"

"ಇಲ್ಲ. ಹೊಡೆಯೋದಿಲ್ಲ, ಮುಟ್ಟೋದೂ ಇಲ್ಲ. ಜೋರಿಂದು ಊಟ ಮೊದಲು ಮುಗಿಸಿಬಿಡ್ತೈತೆ, ಅಷ್ಟೇ. ಇನ್ನೊಂದು ಹಸಿದು ಹಸಿದು ಕರಗ್ತೈತೆ."

ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ಅವಳು ಮುಂದುವರಿಸಿದಳು. ಆ ಎರಡನ್ನೂ ತಿನ್ನುವ ಮೂರನೆಯದೊಂದನ್ನು ಬಿಟ್ಟರೆ ಲೆಕ್ಕವೇ ಬದಲಾಗುತ್ತದಂತೆ. ತಿನ್ನುವುದಕ್ಕೆ ಜೋರಿನದೇ ಹೆಚ್ಚು ರುಚಿ. ಅದನ್ನು ತಿಂದು ತಿಂದು ಇಳಿಸಿದಾಗ ಸೊರಗಿದ್ದಕ್ಕೆ ನಾಲ್ಕು ತುತ್ತು ಸಿಗುತ್ತದೆ. ಮೂರೂ ಉಳಿಯುತ್ತವೆ. ತಿನ್ನುವುದನ್ನು ತೆಗೆದರೆ ಸೊರಗಿದ್ದು ಸಾಯುತ್ತದೆ. ಅಂದರೆ ಅದರ ದೆಸೆಯಿಂದಲೇ ಇದು ಬದುಕುವುದು ನೋಡ್ರಿ ದೊಡ್ಡವ್ವ, ಎಷ್ಟು ಚಂದ ಐತೆ ಎಂದು ಕಣ್ಣರಳಿಸಿದಳು.

ನಾನು ಚಂದ ಐತೆ ಎಂದೆ. ಕುರ್ಚಿಯಿಂದ ಅತ್ತೆಯ ದನಿ ಬಂತು. "ಇಷ್ಟು ಓದಿ ಹುಳ ಎಣಿಸಾಕ ಹತ್ಯಾಳ. ಎಣಿಸು ಎಣಿಸು. ಹುಳದಾಗೇ ಒಂದು ಒಳ್ಳೆ ಗಂಡು ಸಿಕ್ರೂ ಸಿಗಬೌದು."

"ಸಿಕ್ರೆ ನಿನಗೇ ಮೊದಲು ತೋರಿಸ್ತೀನಿ ಅಜ್ಜಿ, ಸ್ವಭಾವ ಹೊಂದತೈತೋ ಇಲ್ಲೋ ನೋಡಿ ಹೇಳು" ಎಂದಳು ಹುಡುಗಿ. ಅತ್ತೆಗೆ ಎದುರು ಮಾತು ಆಡಿದ ಮೊದಲ ಹೆಣ್ಣು ಈ ಮನೆಯಲ್ಲಿ ಅವಳೇ. ಅದನ್ನೂ ಒಂದು ಗೆಣ್ಣಿಗೆ ಹಾಕಿದೆ.

ಬರೀ ಲೆಕ್ಕ ಸಾಲದು, ಜೀವ ಇರುವ ಬಾಟಲಿಯಲ್ಲಿ ಅದು ನಿಜವಾಗಬೇಕು ಎಂದು ಅವಳ ಗೈಡು ಹೇಳಿದ್ದರಂತೆ. ಮೂರೂ ಜಾತಿ ಒಂದೇ ಬಾಟಲಿಯಲ್ಲಿ ನಲವತ್ತು ದಿನ ಉಳಿದರೆ ಕಡೆಯ ಅಧ್ಯಾಯ ಒಪ್ಪುತ್ತಾರೆ. ಇಲ್ಲದಿದ್ದರೆ ಇಲ್ಲ, ಕೊಟ್ಟಿದ್ದ ಅವಧಿಯೂ ಮುಗಿಯುತ್ತ ಬಂದಿತ್ತು. ಜೀವಶಾಸ್ತ್ರದವರ ಲ್ಯಾಬಿನಲ್ಲಿ ಒಂದು ಮೂಲೆಯನ್ನು ಇವಳಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಬಾಟಲಿಯ ಅಡಿಗೊಂದು ಯಂತ್ರ ಇದ್ದು ಹಗಲೂ ರಾತ್ರಿ ತಾನೇ ತಿರುವುತ್ತಿರುತ್ತಿತ್ತಂತೆ. ಇಪ್ಪತ್ತನೆಯ ದಿನ ಆ ಕಟ್ಟಡದ ವೈರಿಂಗನ್ನು ರಿಪೇರಿಗೆಂದು ಕಿತ್ತು ಹಾಕಿದರು. ಇವಳು ಬಾಟಲಿಯನ್ನು ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು.

ಉಪ್ಪಿನಕಾಯಿ ಭರಣಿಯಂಥ ಅಗಲ ಬಾಯಿಯ ಗಾಜಿನ ಬಾಟಲಿ. ಒಳಗೆ ಗಂಜಿ ಬಸಿದ ನೀರಿನಂಥದು. ಬೆಳಕಿಗೆ ಹಿಡಿದರೆ ಮೇಲುಗಡೆ ಬಿಸಿಲುಕೋಲಿನ ಧೂಳಿನಂತೆ ಸಣ್ಣ ಚುಕ್ಕೆಗಳು ಓಡಾಡುವುದು ಕಾಣುತ್ತಿತ್ತು. ಅವು ತಿನ್ನುವವು. ಉಳಿದೆರಡು ಬರಿಗಣ್ಣಿಗೆ ಕಾಣುವುದಿಲ್ಲ. ಬೆಳಗ್ಗೆ ಒಂದು ಅಳತೆ ತೆಗೆದು ಒಂದು ಅಳತೆ ಹೊಸ ಸಾರು, ಅಂದರೆ ಅವುಗಳ ಊಟದ ನೀರು, ಹಾಕಬೇಕು, ಸಂಜೆಯೂ ಹಾಗೆಯೇ. ಅವಳು ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ನಾಲ್ಕು ಸುತ್ತು ತಿರುಗಿಸಿ ಆಮೇಲೆ ಅಳತೆ ತೆಗೆಯುತ್ತಿದ್ದಳು. ಅದನ್ನು ನಾನು ಹತ್ತಾರು ಸಲ ನೋಡಿದ್ದೇನೆ. ನೋಡಿದಾಗಲೆಲ್ಲ ಮನಸ್ಸಿನಲ್ಲಿ, ಎಷ್ಟು ಓದಿದರೇನು, ಕೈಯಲ್ಲಿ ಒನಪಿಲ್ಲ, ಕಲಕಿಬಿಡುತ್ತಾಳೆ ಎಂದುಕೊಳ್ಳುತ್ತಿದ್ದೆ.

ಮೂವತ್ತೊಂದನೆಯ ದಿನ ಅವಳು ಒಂದು ತರಬೇತಿಗೆ ಧಾರವಾಡಕ್ಕೆ ಹೋಗಲೇಬೇಕಾಯಿತು. ಒಂಬತ್ತು ದಿನ. ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ಕುದಿಸಿ ಒಣಗಿಸಿದ ಪುಟ್ಟ ಸ್ಟೀಲಿನ ಸೌಟು ಕೊಟ್ಟಳು. ತೆಗೆದ ಅಳತೆಯನ್ನು ಚೆಲ್ಲದೆ ಹಾಕಿಡಲು ನಂಬರು ಬರೆದ ಸಣ್ಣ ಸಣ್ಣ ನಳಿಗೆಗಳು. ಅದರಲ್ಲಿ ಔಷಧದ ಹನಿ ಇರುತ್ತದೆ, ಒಳಗಿನ ಜೀವ ಹಾಗೇ ನಿಂತುಬಿಡುತ್ತವೆ, ಬಂದ ಮೇಲೆ ಎಣಿಸುತ್ತೇನೆ ಎಂದಳು. ಒಂದು ಚೀಟಿಯಲ್ಲಿ ಎಲ್ಲ ಬರೆದಿಟ್ಟಳು. ತಿರುಗಿಸಿ ತೆಗೆಯಿರಿ ಎಂದು ಆ ಚೀಟಿಯಲ್ಲಿ ಇರಲಿಲ್ಲ. ಲ್ಯಾಬಿನಲ್ಲಿ ಅದನ್ನು ಯಂತ್ರ ಮಾಡುತ್ತಿತ್ತು, ಮನೆಯಲ್ಲಿ ಅವಳ ಕೈ ತನಗೆ ಗೊತ್ತಿಲ್ಲದೆಯೇ ಮಾಡುತ್ತಿತ್ತು. ಗೊತ್ತಿಲ್ಲದೆ ಮಾಡುವುದನ್ನು ಯಾರೂ ಬರೆದಿಡುವುದಿಲ್ಲ.

ನಾನು ಒಂದು ಹೊತ್ತೂ ತಪ್ಪಿಸಲಿಲ್ಲ. ಸ್ನಾನ, ಪೂಜೆ, ಆಮೇಲೆ ಬಾಟಲಿ, ಆಮೇಲೆ ನನ್ನ ಚಹಾ. ಸೌಟನ್ನು ಓರೆಯಾಗಿ ಇಳಿಸಿ, ಮೇಲಿನದನ್ನಷ್ಟೇ, ಅಡಿಗೆ ತಿಳಿಯದ ಹಾಗೆ. ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದ ವಿದ್ಯೆ ಅದೊಂದೇ. ಮೊದಮೊದಲು ಸೌಟಿನಲ್ಲಿ ಆ ಬಿಳಿಯ ಚುಕ್ಕೆಗಳು ಬಹಳ ಬರುತ್ತಿದ್ದವು. ಆಮೇಲೆ ಕಡಿಮೆಯಾದವು. ಬಾಟಲಿ ದಿನದಿಂದ ದಿನಕ್ಕೆ ಬೆಳ್ಳಗಾಗಿ ಏಳನೆಯ ದಿನಕ್ಕೆ ಮಜ್ಜಿಗೆಯಷ್ಟು ದಪ್ಪವಾಯಿತು. ಗಟ್ಟಿಯಾದದ್ದು ಕೆಟ್ಟದ್ದೆಂದು ನಮ್ಮ ಅಡುಗೆಮನೆಯಲ್ಲಿ ಯಾರೂ ಹೇಳುವುದಿಲ್ಲ. ಹುಡುಗಿ ಬಂದು ನೋಡಿ ಎಷ್ಟು ಸಂತೋಷಪಡುತ್ತಾಳೋ ಎಂದು ಒಂದು ಗೆಣ್ಣು ಎಣಿಸಿದೆ.

ಅವಳು ಬಂದವಳು ಚಪ್ಪಲಿ ಬಿಡದೆ ಬಾಟಲಿ ನೋಡಿದಳು. ಮುಖ ಬಿಳಿಚಿಕೊಂಡಿತು. ಒಂದು ಹನಿ ತೆಗೆದುಕೊಂಡು, ಲ್ಯಾಬಿನಿಂದ ತಂದಿಟ್ಟುಕೊಂಡಿದ್ದ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದಳು. ತಿನ್ನುವುದು ಒಂದೂ ಇಲ್ಲ. ಸೊರಗಿದ್ದೂ ಇಲ್ಲ. ಜೋರಿನದು ಮಾತ್ರ ಗಿಜಿಗುಟ್ಟುತ್ತಿದೆ ಎಂದಳು. ಇಷ್ಟೂ ದಿನದ ಕೆಲಸ ಹೋಯಿತು, ಅವಧಿ ಮುಗಿಯಲು ನಲವತ್ತೆರಡು ದಿನ ಉಳಿದಿದೆ, ಏನು ತಪ್ಪಾಯಿತೆಂದು ತಿಳಿಯದೆ ಮತ್ತೆ ಶುರು ಮಾಡಿದರೆ ಅದೂ ಹಾಳಾಗುತ್ತದೆ ಎಂದಳು. ಅಳಲಿಲ್ಲ. ನನ್ನ ಕಡೆ ತಿರುಗಿ, ಇದನ್ನು ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಮುಟ್ಟಿದ್ದರೇ ಎಂದು ಕೇಳಿದಳು.

ಕುರ್ಚಿಯಲ್ಲಿ ಅತ್ತೆ ತೂಕಡಿಸುತ್ತಿದ್ದರು. ಪಕ್ಕಕ್ಕೆ ಊರುಗೋಲು ಒರಗಿತ್ತು. ನಾನು ಆ ಕಡೆ ನೋಡಿದೆ.

ನಾನು ಹಾಲು ತರಲು ಹೋದಾಗ ಅಜ್ಜಿ ಕೋಲಿನಿಂದ ಏನಾದರೂ ಮಾಡಿರಬೇಕು ಎಂದೆ. ಮೊದಲಿನಿಂದಲೂ ಅವರಿಗೆ ಇದು ಸೇರುತ್ತಿರಲಿಲ್ಲ ಎಂದೂ ಸೇರಿಸಿದೆ. ಈ ಮಾತು ಆಡುವಾಗ ನನಗೆ ಯಾವ ಅಳುಕೂ ಆಗಲಿಲ್ಲ, ಅದನ್ನೇ ಇಲ್ಲಿ ಬರೆಯಬೇಕು. ಉಸಿರಾಡಿದಷ್ಟು ಸಲೀಸಾಗಿ ಬಂತು.

ಹುಡುಗಿ ಅಜ್ಜಿಯನ್ನು ಎಬ್ಬಿಸಿ ಬೈದಳು. ಅವಳು ಬೈದ ಮಾತುಗಳು ಬಾಟಲಿಯದಷ್ಟೇ ಆಗಿರಲಿಲ್ಲ, ಅವ್ವನ ಅಂಗೈಯೂ ಅದರಲ್ಲಿ ಬಂತು, ಅಪ್ಪನೂ ಬಂದ. ಇನ್ನೂ ಎಷ್ಟು ಮಂದಿಯನ್ನ ತಿಂತೀಯ ಅಂದಳು. ಅತ್ತೆ ಮೊದಲ ಸಲ ಏನೂ ಅರ್ಥವಾಗದೆ ಅವಳ ಬಾಯಿ ನೋಡುತ್ತಿದ್ದರು. ನಾನು ಬೇಳೆ ಆರಿಸುತ್ತಾ ಕೂತಿದ್ದೆ. ಅವರು ಇಷ್ಟು ವರ್ಷ ಮಾಡಿದ್ದಕ್ಕೆ ಇದು ಬಂದೇ ಬರಬೇಕಿತ್ತು ಎಂದು ಒಳಗೊಳಗೇ ತಂಪಾಗುತ್ತಿತ್ತು. ಮರುದಿನ ಬೆಳಗ್ಗೆ ಅದನ್ನೂ ಎಣಿಸಿದೆ.

ಹುಡುಗಿ ಎರಡು ದಿನ ಕೋಣೆ ಬಿಟ್ಟು ಏಳಲಿಲ್ಲ. ನಳಿಗೆಗಳನ್ನು ಒಂದೊಂದಾಗಿ ಎಣಿಸಿದಳು, ಅಂಕಿಗಳನ್ನು ಸಮೀಕರಣಕ್ಕೆ ಹಾಕಿದಳು, ಕಂಪ್ಯೂಟರಿನ ಮೇಲೆ ಗೆರೆಗಳನ್ನು ಎಳೆದಳು. ಮೂರನೆಯ ದಿನ ಬೆಳಗ್ಗೆ ನಾನು ಮೊಸರಿನ ಗಡಿಗೆ ಇಳಿಸುವ ಹೊತ್ತಿಗೆ ಹಾಳೆ ಹಿಡಿದು ಅಡುಗೆಮನೆಗೆ ಬಂದಳು.

"ಅಜ್ಜಿ ಮುಟ್ಟಿಲ್ಲ ದೊಡ್ಡವ್ವ."

"ನೀನು ಹೆಂಗೆ ಹೇಳ್ತಿ?"

"ಲೆಕ್ಕ ಹೇಳ್ತೈತೆ. ಒಂದ್ಸಲ ಕೋಲು ಹಾಕಿ ಕೆಡಿಸಿದ್ರೆ ಎಲ್ಲಾ ಒಮ್ಮೆಗೇ ಸಾಯ್ತಿದ್ವು. ಇದು ಹಂಗಲ್ಲ. ಮೊದಲನೇ ದಿನದಿಂದ, ಹೊತ್ತು ಹೊತ್ತಿಗೂ, ತಿನ್ನೋವನ್ನ ಮಾತ್ರ ಯಾರೋ ಆರಿಸಿ ಹೊರಗೆ ಹಾಕ್ಯಾರ."

ಹಾಳೆಯನ್ನು ಕಟ್ಟೆಯ ಮೇಲೆ ಹರಡಿ ತೋರಿಸಿದಳು. ಮೊದಲ ಎರಡು ದಿನದ ನಳಿಗೆಗಳಲ್ಲಿ ತಿನ್ನುವವು ಇರಬೇಕಾದದ್ದರ ಎರಡರಷ್ಟು ಇದ್ದವಂತೆ. ಅಷ್ಟು ಹುಟ್ಟುವುದಕ್ಕೆ ಬಾಟಲಿಯಲ್ಲಿ ಊಟವೇ ಇರಲಿಲ್ಲ. ಹುಟ್ಟಿದ್ದಲ್ಲವಾದರೆ ಅವು ಇದ್ದಲ್ಲಿಂದಲೇ ಅಳತೆ ತೆಗೆದಿರಬೇಕು. ಅವು ಉಸಿರಿಗೆಂದು ಮೇಲೆ ಬಂದು ಸೇರುತ್ತವೆ. ಹುಟ್ಟುವುದಕ್ಕಿಂತ ಬೇಗ ಹೊರಗೆ ಹೋಗುತ್ತಿದ್ದರೆ ಐದನೆಯ ದಿನಕ್ಕೆ ಒಂದೂ ಉಳಿಯಬಾರದು ಎಂದು ಸಮೀಕರಣ ಹೇಳುತ್ತದೆ. ಐದನೆಯ ದಿನದ ನಳಿಗೆಯಲ್ಲಿ ಒಂದೂ ಇರಲಿಲ್ಲ. ಅಲ್ಲಿಂದ ಮುಂದೆ ಜೋರಿನದಕ್ಕೆ ತಡೆಯಿಲ್ಲ, ಸೊರಗಿದ್ದಕ್ಕೆ ತುತ್ತಿಲ್ಲ.

ಅವಳು ಒಂದು ಲೋಟಕ್ಕೆ ನೀರು ತುಂಬಿ, ಆ ಪುಟ್ಟ ಸೌಟನ್ನು ನನ್ನ ಕೈಗೆ ಕೊಟ್ಟು, ಹೇಗೆ ತೆಗೆಯುತ್ತಿದ್ದಿರಿ ತೋರಿಸಿ ಎಂದಳು. ತೋರಿಸಿದೆ. ಬೇರೆ ರೀತಿ ತೋರಿಸಿ ತಪ್ಪಿಸಿಕೊಳ್ಳಬಹುದಿತ್ತು, ಮನಸ್ಸೂ ಆಯಿತು. ಕೈ ಕೇಳಲಿಲ್ಲ. ಸೌಟು ಓರೆಯಾಗಿ ಇಳಿದು ಮೇಲಿನ ನೀರನ್ನು ಹಾಳೆಯಂತೆ ಎತ್ತಿತು.

ಹುಡುಗಿ ನನ್ನ ಕೈಹಿಂಬದಿಯ ಕಲೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ನಿಮಗೆ ಗೊತ್ತಿರ್ಲಿಲ್ಲ, ಬಿಡ್ರಿ. ನಾನು ಬರೀಬೇಕಾಗಿತ್ತು" ಎಂದಳು. ಆಮೇಲೆ, "ಅಜ್ಜಿ ಮ್ಯಾಲೆ ಯಾಕ ಹಾಕಿದ್ರಿ?"

ನಾನು ಸೌಟನ್ನು ಕಟ್ಟೆಯ ಮೇಲಿಟ್ಟೆ.

"ನಮ್ಮವ್ವ ಇವತ್ತಿಗೂ ಒಂದು ಮಾತು ಹೇಳ್ತಾಳ. ನಾನು ಮೊಸರು ಕಲಕಿರ್ಲಿಲ್ಲ, ಕಲಕಿರ್ಲಿಲ್ಲ ಅಂತ. ನಾನು ಬಿಡವ್ವ, ಹಳೇದು ಅಂತಿದ್ದೆ." ಹಾಳೆಯನ್ನು ಮಡಿಸುತ್ತಾ ನಿಂತಳು. ಅವಳು ಕೇಳಲಿಲ್ಲ. ಕೇಳಿದ್ದರೆ ಏನಾದರೊಂದು ಹೇಳುತ್ತಿದ್ದೆನೇನೋ. ಲೆಕ್ಕ ಮಾಡುವವರು ಕೊನೆಯ ಅಂಕಿ ತಾನಾಗಿ ಬೀಳಲಿ ಎಂದು ಕಾಯುವ ಹಾಗೆ ಕಾದಳು.

"ನಾನೇ ಕಲಕಿದ್ದು" ಎಂದೆ. "ನಿಮ್ಮವ್ವನ ಹೆಸರು ಹೇಳಿದೆ."

ಆಗ ಕುರ್ಚಿಯಿಂದ ಅತ್ತೆ ಮಾತಾಡಿದರು. ಅವರು ಎದ್ದಿದ್ದು ನಮಗೆ ಗೊತ್ತೇ ಆಗಿರಲಿಲ್ಲ.

"ಅದು ನನಗೆ ಅವತ್ತೇ ಗೊತ್ತಿತ್ತು. ನಿನ್ನ ಕೈಬಳೆಗೆ ಮೊಸರು ಹತ್ತಿ ಒಣಗಿತ್ತು. ತೊಳಕೊಂಡಿರಲಿಲ್ಲ ನೀನು."

ಹುಡುಗಿ ತಿರುಗಿದಳು. ಗೊತ್ತಿದ್ದೂ ಅವ್ವನ ಕೈ ಸುಟ್ಟೆಯಾ ಎಂದು ಕೇಳಿದಳು. ದನಿ ಏರಿರಲಿಲ್ಲ.

"ಇಕಿ ಕೈ ಸುಟ್ಟು ಏನು ಬರ್ತಿತ್ತು? ಮೊದಲೇ ಸತ್ತಂಗೆ ಇದ್ಲು. ನಿಮ್ಮವ್ವ ಮನಿಯೆಲ್ಲಾ ತನ್ನ ಕೈಯಾಗೆ ತಗೊಂಡಿದ್ಲು. ಇನ್ನೆರಡು ವರ್ಷ ಬಿಟ್ಟಿದ್ರೆ ನಾನೇ ಚೀಲ ಹಿಡಕೊಂಡು ಹೋಗಬೇಕಾಗ್ತಿತ್ತು." ಇಷ್ಟು ಹೇಳಿ, ಹಲ್ಲಿಲ್ಲದ ಬಾಯಿ ಚಪ್ಪರಿಸಿ, "ರೊಟ್ಟಿ ಆದ್ವಾ?" ಎಂದರು.

ಅಂದರೆ ನನ್ನ ಸುಳ್ಳು ಯಾರಿಗೂ ಬೇಕಾಗಿರಲೇ ಇಲ್ಲ. ನಾನು ಸುಮ್ಮನಿದ್ದರೂ ಹಲ್ಲು ಅವಳ ಕಡೆಗೇ ತಿರುಗುತ್ತಿತ್ತು, ಇನ್ನೊಂದು ದಿನ, ಇನ್ನೊಂದು ನೆಪದಲ್ಲಿ. ಇಪ್ಪತ್ತು ವರ್ಷ ನಾನು ಹೊತ್ತದ್ದು ಹಗುರಾಗಬೇಕಿತ್ತಲ್ಲವೇ? ಆಗಲಿಲ್ಲ. ಸುಳ್ಳು ಹೇಳಿ ಬದುಕಿದೆ ಎಂದುಕೊಂಡಿದ್ದೆ, ಹೇಳದೆಯೂ ಬದುಕುತ್ತಿದ್ದೆ. ಹಾಗಿದ್ದ ಮೇಲೆ ಅದನ್ನು ಹೇಳಿದ್ದು ಬರೀ ಹೇಳಬೇಕೆಂದು.

ಹುಡುಗಿ ಅವತ್ತೇ ಹೊರಟಳು. ಮೂರು ಜಾತಿಯ ಬೀಜದ ನಳಿಗೆಗಳನ್ನು ಲ್ಯಾಬಿನಿಂದ ತಂದು, ತೊಳೆದು ಕುದಿಸಿದ ಬಾಟಲಿಯಲ್ಲಿ ಹೊಸ ಸಾರಿಗೆ ಹಾಕಿದಳು. ಹರಿಹರದಲ್ಲಿ ಅವ್ವನ ಅಡುಗೆಮನೆಯಲ್ಲಿ ಇಡುತ್ತೇನೆ, ಬಸ್ಸಿನಲ್ಲಿ ಓಡಾಡುತ್ತೇನೆ, ನಾನಿಲ್ಲದ ಹೊತ್ತು ಅವ್ವ ತೆಗೆಯುತ್ತಾಳೆ ಎಂದಳು. ನಲವತ್ತೆರಡು ದಿನದಲ್ಲಿ ಮೂರು ಆಗಲೇ ಕಳೆದು ಮೂವತ್ತೊಂಬತ್ತು ಉಳಿದಿದ್ದವು. ಒಂದು ದಿನದ ಮಟ್ಟಿಗೆ ಗೈಡನ್ನು ಕೇಳಿಕೊಳ್ಳಬೇಕಿತ್ತು. ಅಂದರೆ ಇನ್ನೊಂದು ತಪ್ಪಿಗೆ ಜಾಗವಿರಲಿಲ್ಲ. ನಾನು ಮನಸ್ಸು ತಡೆಯದೆ ಒಂದು ಸ್ಟೀಲಿನ ಡಬ್ಬಿಯಲ್ಲಿ ಹೆಪ್ಪು ಹಾಕಿ ಕೊಟ್ಟೆ. ಈ ಮನೆಯ ಹೆಪ್ಪು ಅವಳ ತಾಯಿಯ ಕೈಯಲ್ಲಿ ನನ್ನದಕ್ಕಿಂತ ಚೆನ್ನಾಗಿ ಕೂರುತ್ತಿತ್ತು. ಹುಡುಗಿ ಬೇಡ ಎನ್ನಲಿಲ್ಲ, ತಕ್ಕೊಂಡು ಬ್ಯಾಗಿಗೆ ಹಾಕಿದಳು. ಬರ್ತೀನಿ ಎನ್ನಲಿಲ್ಲ.

ಅವಳು ಹೋದ ಮೇಲೆ ಮನೆ ಮೊದಲಿನಂತಾಯಿತು. ಅತ್ತೆ ಕುರ್ಚಿಯಲ್ಲಿ, ನಾನು ಒಲೆಯ ಮುಂದೆ. ನನ್ನ ಗಂಡ ಅಂಗಡಿಗೆ ಹೋಗುವುದು, ಬರುವುದು. ಒಂದು ವಾರ ಕಳೆದ ಮೇಲೆ ನನಗೇ ಕಂಡಿತು, ನಾನು ಅತ್ತೆಯ ತಟ್ಟೆಗೆ ಎರಡರ ಬದಲು ಒಂದೂವರೆ ರೊಟ್ಟಿ ಹಾಕುತ್ತಿದ್ದೇನೆ ಎಂದು. ಯಾವತ್ತು ಶುರುವಾಯಿತೋ ಗೊತ್ತಿಲ್ಲ. ಅವರು ಕೇಳಲಿಲ್ಲ. ತಟ್ಟೆ ನೋಡುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು, ಚೂರು ಚೂರು ಮಾಡಿ ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಕೇಳಿದರೆ ಹಾಕೋಣ ಎಂದುಕೊಂಡೆ. ಅವರು ಕೇಳುವವರಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೇ ಹಾಗೆ ಅಂದುಕೊಂಡೆ. ತಿಂಗಳಾಗುವ ಹೊತ್ತಿಗೆ ಅವರ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ದಿನಾ ಬೆಳಗ್ಗೆ ಹರಿಹರದ ಬಾಟಲಿಯ ಯೋಚನೆ. ಹದಿನೈದು, ಇಪ್ಪತ್ತೆರಡು, ಮೂವತ್ತೊಂದು. ಮೂವತ್ತೊಂದನೆಯ ದಿನ ಪೂಜೆಯಲ್ಲಿ ಲಿಂಗವನ್ನು ನೋಡುತ್ತಾ ಕೂತವಳು ಎದ್ದದ್ದು ತಡವಾಗಿ. ಆ ಸೊರಗಿದ್ದು ಉಳಿಯಲಿ ಎಂದು ಕೇಳಿಕೊಂಡೆ. ಅದು ಉಳಿಯಬೇಕಾದರೆ ತಿನ್ನುವುದೂ ಉಳಿಯಬೇಕು, ಜೋರಿನದನ್ನು ಅದು ದಿನಾ ತಿನ್ನಲೂ ಬೇಕು. ಇಷ್ಟನ್ನೂ ಕೂಡಿಸಿ ಬೇಡಿಕೊಳ್ಳುವುದು ಹೇಗೆಂದು ತಿಳಿಯದೆ ಪಂಚಾಕ್ಷರಿ ಹೇಳಿ ಮುಗಿಸಿದೆ.

ನಲವತ್ತು ದಾಟಿದ ಮೇಲೆ ನನ್ನ ಗಂಡ ಅಂಗಡಿಯ ಕೆಲಸಕ್ಕೆಂದು ಹರಿಹರಕ್ಕೆ ಹೋಗಿ ಬಂದರು. ಊಟಕ್ಕೆ ಕೂತಾಗ ಹೇಳಿದರು. ಮೂರೂ ಉಳಿದವಂತೆ, ಗೈಡು ಒಪ್ಪಿದರಂತೆ. ಅವಳ ತಾಯಿಯೇ ಹೆಚ್ಚು ದಿನ ತೆಗೆದದ್ದಂತೆ. ಬಾಟಲಿಯನ್ನು ಎಡ ಅಂಗೈಯಲ್ಲಿ ಕೂರಿಸಿಕೊಂಡು ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಅಳತೆ ಇಳಿಸುತ್ತಾಳಂತೆ. ಹಾಳಾದ ನಮ್ಮ ಬಾಟಲಿಯ ಅಂಕಿಗಳನ್ನೂ ಹುಡುಗಿ ಬಿಸಾಡಿಲ್ಲವಂತೆ, ತಿನ್ನುವುದನ್ನು ಹೊರಗೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿಯಂತೆ. ಪ್ರಬಂಧದಲ್ಲಿ ಅದಕ್ಕೆ ಒಂದು ಪುಟ ಇದೆಯಂತೆ. ಯಾರ ಕೈ ಎಂದು ಬರೆದಿಲ್ಲವಂತೆ.

ಚೀಲದಿಂದ ಡಬ್ಬಿ ತೆಗೆದು ಕೊಟ್ಟರು. ಇದನ್ನ ಕೊಡು ಅಂದ್ಲು ಎಂದರು. ಯಾರು, ತಾಯಿಯೋ ಮಗಳೋ ಎಂದು ನಾನು ಕೇಳಲಿಲ್ಲ.

ಅವರು ಉಂಡು ಎದ್ದು ಹೋದ ಮೇಲೆ ಮುಚ್ಚಳ ತೆಗೆದೆ. ತೊಳೆದು, ಒರೆಸಿ, ಬಿಸಿಲಿಗೆ ಒಣಗಿಸಿದ ಡಬ್ಬಿ. ಒಳಗೆ ಏನೂ ಇರಲಿಲ್ಲ. ಬಂದ ಡಬ್ಬಿಯನ್ನು ಖಾಲಿ ಕೊಡಬಾರದು, ನಾಲ್ಕು ಹರಳು ಸಕ್ಕರೆಯಾದರೂ ಹಾಕಿ ಕೊಡುವುದು ನಮ್ಮ ಪದ್ಧತಿ. ವಾರಗಿತ್ತಿಗೆ ಅದು ಗೊತ್ತಿಲ್ಲದ್ದಲ್ಲ. ಈ ಮನೆಯಲ್ಲಿದ್ದಾಗ ಪಕ್ಕದ ಮನೆಯ ಬಟ್ಟಲನ್ನು ನಾನು ಹಾಗೇ ಕಳಿಸಲು ಹೋದರೆ, ನಿಲ್ಲಕ್ಕ ಎಂದು ಓಡಿ ಬಂದು ಬೆಲ್ಲದ ಚೂರು ಹಾಕುತ್ತಿದ್ದವಳು ಅವಳೇ. ಡಬ್ಬಿಯ ಅಡಿಗೆ ಬೆರಳು ಆಡಿಸಿ ನೋಡಿದೆ. ನುಣ್ಣಗಿತ್ತು.

ಮರುದಿನ ಪೂಜೆ ಮುಗಿಸಿ ಎಣಿಸಲು ಕೂತೆ. ಸೊರಗಿದ್ದು ಉಳಿಯಿತು, ಒಂದು. ಹುಡುಗಿಯ ಅಧ್ಯಾಯ ನಿಂತಿತು, ಎರಡು. ಆ ಅಂಗೈ ಬಾಟಲಿ ಹಿಡಿಯುವಷ್ಟು ಸರಿಯಾಗಿದೆ, ಮೂರು. ಡಬ್ಬಿಯನ್ನು ಎಣಿಸಬೇಕೋ ಬೇಡವೋ ತಿಳಿಯದೆ ಹೆಬ್ಬೆರಳು ನಾಲ್ಕನೆಯ ಗೆಣ್ಣಿನ ಮೇಲೆ ಸುಮ್ಮನೆ ನಿಂತಿತು.

ಅತ್ತೆ ಕುರ್ಚಿಯಿಂದ ರೊಟ್ಟಿ ಆದವೇ ಎಂದು ಕೇಳಿದರು. ಎದ್ದು ಹೋಗಿ ಎರಡು ಹಾಕಿದೆ.